ಹಳೇ ಗ್ರಾಫಿಕ್ಸ್ ಕಾರ್ಡ್‌ನಿಂದ ಇನ್ನಷ್ಟು ವೇಗ: ದಾವಣಗೆರೆ ಬೇಸಿಗೆಯಲ್ಲೂ ನಿಲ್ಲುವ ಓವರ್‌ಕ್ಲಾಕಿಂಗ್

ಹೊಸ ಗ್ರಾಫಿಕ್ಸ್ ಕಾರ್ಡ್‌ಗೆ ದುಡ್ಡು ಹೊಂದುವುದಿಲ್ಲ ಅಂದರೆ, ಮನೆಯಲ್ಲಿರುವ ಕಾರ್ಡನ್ನೇ ಸ್ವಲ್ಪ ಜೋರಾಗಿ ಓಡಿಸಬಹುದು. ಕಂಪನಿ ಗೊತ್ತು ಮಾಡಿದ ವೇಗಕ್ಕಿಂತ ಒಂದಿಷ್ಟು ಹೆಚ್ಚಿನ ವೇಗಕ್ಕೆ ಚಿಪ್ಪನ್ನೂ ಮೆಮೊರಿಯನ್ನೂ ಏರಿಸುವುದೇ ಓವರ್‌ಕ್ಲಾಕಿಂಗ್. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಪುಕ್ಕಟೆ. ಒಂದು ಟ್ಯೂಬ್ ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿಯನ್ನು ಅದರ ಮೇಲಿನ ಲೋಹಕ್ಕೆ ದಾಟಿಸುವ ಲೇಪ) ಮತ್ತು ಒಂದು ಬಿಡುವಿನ ಭಾನುವಾರ ಇದ್ದರೆ ಸಾಕು.

ಇದರ ಬಗ್ಗೆ ವಿಡಿಯೊಗಳು ಬೇಕಾದಷ್ಟಿವೆ. ಆದರೆ ಬಹುಪಾಲು ವಿಡಿಯೊಗಳು ತಂಪಾದ ಊರಿನಲ್ಲೋ ಎಸಿ ಕೋಣೆಯಲ್ಲೋ ಮಾಡಿದವು. ದಾವಣಗೆರೆಯಲ್ಲಿ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಆರ್‌ಸಿಸಿ ಚಾವಣಿ ಕೆಳಗಿನ ಕೋಣೆ ರಾತ್ರಿ ಹತ್ತಾದರೂ ಆರುವುದಿಲ್ಲ. ಧೂಳಂತೂ ಕೇಳಲೇಬೇಡಿ. ಅದಕ್ಕೇ ನಾನು ಹೇಳುವ ಕ್ರಮ ಬೇರೆ. ಮೊದಲು ಧೂಳು, ಆಮೇಲೆ ಕರೆಂಟು, ಆಮೇಲೆ ಫ್ಯಾನ್. ಸ್ಲೈಡರ್, ಅಂದರೆ ಸಾಫ್ಟ್‌ವೇರ್‌ನಲ್ಲಿ ವೇಗ ಏರಿಸಿ ಇಳಿಸಲು ಎಳೆಯುವ ಗುಂಡಿ, ಕೊನೆಗೆ. ಹಳೇ ಕಾರ್ಡ್ ಎಷ್ಟು ವೇಗವಾಗಿ ಓಡುತ್ತದೆ ಅನ್ನುವುದನ್ನು ಮೊದಲು ತೀರ್ಮಾನಿಸುವುದು ಅದರ ಬಿಸಿ.

ಉದಾಹರಣೆಗೆ ಎನ್‌ವಿಡಿಯಾ ಜಿಟಿಎಕ್ಸ್ 1060, 6 ಜಿಬಿ ಕಾರ್ಡನ್ನು ತೆಗೆದುಕೊಂಡಿದ್ದೇನೆ. 2016ರ ಜುಲೈನಲ್ಲಿ ಬಂದದ್ದು. ಸೆಕೆಂಡ್ ಹ್ಯಾಂಡ್‌ನಲ್ಲಿ ಈಗಲೂ ಸಿಗುತ್ತದೆ, ಹಾಸ್ಟೆಲ್ ಹುಡುಗರ ಸಿಸ್ಟಮ್‌ಗಳಲ್ಲಿ ಈಗಲೂ ಓಡುತ್ತಿದೆ. ಬೇರೆ ಕಾರ್ಡ್ ಇದ್ದವರಿಗೆ ಎಲ್ಲಿ ವ್ಯತ್ಯಾಸವಾಗುತ್ತದೆ ಅನ್ನುವುದನ್ನು ಅಲ್ಲಲ್ಲೇ ಹೇಳುತ್ತೇನೆ. ಲ್ಯಾಪ್‌ಟಾಪ್‌ನವರು ಇದನ್ನು ಅನುಸರಿಸಬೇಡಿ. ಅದರ ಬಿಸಿ, ಕರೆಂಟಿನ ಲೆಕ್ಕವೇ ಬೇರೆ.

ಎಷ್ಟು ಸಿಗುತ್ತದೆ?

ಸಾಮಾನ್ಯವಾಗಿ ಶೇ. 5ರಿಂದ 10. ಒಂದು ಗೇಮ್‌ನಲ್ಲಿ 45 ಎಫ್‌ಪಿಎಸ್ (ಪರದೆಯಲ್ಲಿ ಸೆಕೆಂಡಿಗೆ ಮೂಡುವ ಚಿತ್ರಗಳು) ಬರುತ್ತಿದ್ದರೆ 48, 49 ಆಗಬಹುದು. 45 ಇದ್ದದ್ದು 90 ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಕಾರ್ಡ್ ಧೂಳು ತುಂಬಿ, ಬಿಸಿಯಾಗಿ, ತಾನಾಗಿಯೇ ವೇಗ ಇಳಿಸಿಕೊಂಡಿದ್ದರೆ ಕಥೆ ಬೇರೆ. ಬರೀ ಸ್ವಚ್ಛ ಮಾಡಿದ್ದಕ್ಕೇ ಓವರ್‌ಕ್ಲಾಕ್‌ಗಿಂತ ಹೆಚ್ಚು ಲಾಭ ಆಗುವುದುಂಟು.

ಇನ್ನೊಂದು ವಿಷಯ ಮೊದಲೇ ನೋಡಿಕೊಳ್ಳಿ. ನಿಮ್ಮ ಗೇಮ್ ನಿಧಾನ ಆಗಿರುವುದು ಗ್ರಾಫಿಕ್ಸ್ ಕಾರ್ಡ್‌ನಿಂದಲೇನಾ? ಗೇಮ್ ಆಡುವಾಗ ಜಿಪಿಯು (ಕಾರ್ಡ್‌ನ ಮುಖ್ಯ ಚಿಪ್ಪು) ಬಳಕೆ ಶೇ. 95ರ ಮೇಲಿದ್ದರೆ ಹೌದು, ಈ ಕೆಲಸದಿಂದ ಉಪಯೋಗ ಇದೆ. ಶೇ. 60, 70ರಲ್ಲೇ ಓಡುತ್ತಿದ್ದರೆ ಎಡವಟ್ಟು ಪ್ರೊಸೆಸರ್‌ನದ್ದೋ ರ‍್ಯಾಮ್‌ನದ್ದೋ ಇರುತ್ತದೆ. ವ್ಯಾಲರಂಟ್‌ನಂಥ ಹಗುರ ಗೇಮ್‌ಗಳಲ್ಲಿ ಹೀಗಾಗುವುದು ಜಾಸ್ತಿ. ಆಗ ಕಾರ್ಡನ್ನು ಎಷ್ಟು ಏರಿಸಿದರೂ ಸುಮ್ನೆ ಬಿಸಿ ಆಗುತ್ತದೆ, ಅಷ್ಟೇ. ಒಂದೇ ರ‍್ಯಾಮ್ ಕಡ್ಡಿ ಇದ್ದವರು ಅಂಥದ್ದೇ ಇನ್ನೊಂದು ಹಾಕಿಸಿದರೆ ಆ ದುಡ್ಡಿಗೆ ಬೆಲೆ ಬರುತ್ತದೆ.

ಮೊದಲು ಅಳೆಯಿರಿ

ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಇಳಿಸಿಕೊಳ್ಳಿ. ಕಾರ್ಡ್ ಯಾವ ಕಂಪನಿಯದ್ದಾದರೂ ಇದು ನಡೆಯುತ್ತದೆ. ಎಂಎಸ್‌ಐ ತಾಣದಿಂದಲೇ ತೆಗೆದುಕೊಳ್ಳಿ. ಇದರ ಹೆಸರಿನ ನಕಲಿ ತಾಣದ ಬಗ್ಗೆ 2021ರಲ್ಲಿ ಕಂಪನಿಯೇ ಎಚ್ಚರಿಕೆ ಕೊಟ್ಟಿತ್ತು. ಜೊತೆಗೆ ಬರುವ ರಿವಾಟ್ಯೂನರ್ ಅನ್ನೂ ಹಾಕಿಕೊಳ್ಳಿ. ಗೇಮ್ ಆಡುವಾಗಲೇ ಪರದೆಯ ಮೂಲೆಯಲ್ಲಿ ಅಂಕಿ ತೋರಿಸುವುದು ಅದೇ. ಸೆಟ್ಟಿಂಗ್ಸ್‌ನ ಮಾನಿಟರಿಂಗ್ ಭಾಗದಲ್ಲಿ ಜಿಪಿಯು ಬಿಸಿ, ಬಳಕೆ, ಕೋರ್ ಕ್ಲಾಕ್ (ಚಿಪ್ಪಿನ ವೇಗ), ಪವರ್, ಫ್ಯಾನ್ ವೇಗ, ಫ್ರೇಮ್‌ರೇಟ್ ಇಷ್ಟನ್ನೂ ಆನ್ ಮಾಡಿ.

ಪರೀಕ್ಷೆಗೆ ಬೆಂಚ್‌ಮಾರ್ಕ್, ಅಂದರೆ ಕಾರ್ಡ್‌ಗೆ ಕೆಲಸ ಕೊಟ್ಟು ಸ್ಕೋರ್ ಹೇಳುವ ಸಾಫ್ಟ್‌ವೇರ್, ಬೇಕು. ಯುನಿಜಿನ್ ಸೂಪರ್‌ಪೊಸಿಷನ್ ಒಳ್ಳೆಯದು, ಉಚಿತ ಆವೃತ್ತಿ ಸಾಕು. ತೀರಾ ಹಳೇ ಕಾರ್ಡ್ ಇದ್ದರೆ ಯುನಿಜಿನ್ ಹೆವನ್. ಎರಡು ಸಲ ಓಡಿಸಿ ಎರಡನೆಯ ಸ್ಕೋರ್ ಬರೆದುಕೊಳ್ಳಿ. ಮೊದಲ ಸಲ ಕಾರ್ಡ್ ತಣ್ಣಗಿರುತ್ತದೆ, ಅಂಕಿ ಸ್ವಲ್ಪ ಉಬ್ಬಿ ಬರುತ್ತದೆ. ಆಮೇಲೆ ನೀವು ದಿನಾ ಆಡುವ ಗೇಮನ್ನು ಅರ್ಧ ಗಂಟೆ ಆಡಿ ಬಿಸಿ ಮತ್ತು ಕೋರ್ ಕ್ಲಾಕ್ ನೋಡಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಸ್ಕೋರ್ ಪಕ್ಕದಲ್ಲಿ ಕೋಣೆ ಎಷ್ಟು ಬಿಸಿ ಇತ್ತು, ಹೊತ್ತು ಎಷ್ಟು ಅಂತಲೂ ಬರೆಯಿರಿ. ಇದು ನಮ್ಮ ಊರಿಗೆ ಬೇಕೇ ಬೇಕು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಫರ್‌ಮಾರ್ಕ್ ಅನ್ನುವ ಪರೀಕ್ಷೆಯ ಸಾಫ್ಟ್‌ವೇರ್ ಬೇಡ. ಯಾವ ಗೇಮೂ ಕೊಡದಷ್ಟು ಹೊರೆಯನ್ನು ಅದು ಕಾರ್ಡ್ ಮೇಲೆ ಹಾಕುತ್ತದೆ. ವಯಸ್ಸಾದ ಕಾರ್ಡ್‌ಗೆ ಆ ಶಿಕ್ಷೆ ಕೊಟ್ಟು ಸಾಧಿಸುವುದು ಏನೂ ಇಲ್ಲ.

ಧೂಳು ತೆಗೆಯುವುದು

ನನ್ನ ಚಿಕ್ಕಪ್ಪನ ಮಗನ ಮನೆ ಮಂಡಕ್ಕಿ ಭಟ್ಟಿಗಳ ಕಡೆ. ಅವನ ದೂರು ಇಷ್ಟೇ: "ಅಣ್ಣಾ, ಹತ್ತು ನಿಮಿಷ ಚೆನ್ನಾಗಿ ಓಡ್ತೈತೆ, ಆಮೇಲೆ ಜಗ್ಗತೈತೆ." ಅಂಕಿ ನೋಡಿದರೆ ಅದೇ ಆಗುತ್ತಿತ್ತು. ಶುರುವಿಗೆ ಕೋರ್ 1850 ಮೆಗಾಹರ್ಟ್ಜ್ ಮೇಲೆ. ಬಿಸಿ 83 ಡಿಗ್ರಿ ಮುಟ್ಟಿದ ಮೇಲೆ ವೇಗ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. ಕಾರ್ಡ್ ಬಿಚ್ಚಿದೆವು. ಫ್ಯಾನ್ ಮೇಲೆ ಮಾಮೂಲಿ ಧೂಳು, ಒರೆಸಿದರೆ ಹೋಯಿತು. ಫ್ಯಾನ್ ತೆಗೆದಾಗ ನಿಜ ಕಂಡಿತು. ಹೀಟ್‌ಸಿಂಕ್‌ನ (ಚಿಪ್ಪಿನ ಬಿಸಿ ಹೊರಹಾಕುವ ಲೋಹದ ಭಾಗ) ತಗಡುಗಳ ನಡುವೆ ಕಪ್ಪು ಪದರ. ಹೊಟ್ಟಿನ ಬೂದಿ, ಹೊಗೆಯ ಮಸಿ, ಅಡುಗೆಮನೆಯ ಎಣ್ಣೆ ಜಿಡ್ಡು ಎಲ್ಲಾ ಸೇರಿ ಕಂಬಳಿ ಹೊದಿಸಿದ ಹಾಗೆ ಗಟ್ಟಿಯಾಗಿ ಕೂತಿತ್ತು. ಗಾಳಿ ದಾಟುವ ಹಾಗೇ ಇರಲಿಲ್ಲ. ಫ್ಯಾನ್ ಅಷ್ಟು ದಿನ ಸುಮ್ನೆ ತಿರುಗುತ್ತಿತ್ತು. ಬ್ಲೋವರ್‌ಗೆ ಆ ಪದರ ಜಗ್ಗಲಿಲ್ಲ. ಮೆತ್ತನೆ ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ, ತಗಡಿನ ಸಾಲು ಹಿಡಿದು ಒಂದೊಂದಾಗಿ ಬಿಡಿಸಬೇಕಾಯಿತು. ಅಕ್ಕಿ ಗಿರಣಿ, ಹತ್ತಿ ಮಿಲ್ಲುಗಳ ಪಕ್ಕ ಇರುವವರೂ ಮೊದಲು ಇಲ್ಲೇ ಹುಡುಕಿ.

ಕೆಲಸ ಹೀಗೆ ಮಾಡಿ. ಸಿಸ್ಟಮ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟು ಹೋಗುತ್ತದೆ. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹ ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಸ್ಲಾಟಿನ ಕೊನೆಯಲ್ಲಿರುವ ಚಿಕ್ಕ ಲಾಕ್ ಒತ್ತಿಯೇ ಕಾರ್ಡ್ ಎಳೆಯಿರಿ. ಗಾಳಿ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಹಿಡಿಯದಿದ್ದರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತಿರ ಒಯ್ಯಬೇಡಿ. ಆ ಗಾಳಿಯಲ್ಲಿ ನೀರಿನ ಅಂಶ ಇರುತ್ತದೆ, ಒತ್ತಡವೂ ಜಾಸ್ತಿ.

ಆಮೇಲೆ ಪೇಸ್ಟ್. ಇಷ್ಟು ವರ್ಷಕ್ಕೆ ಅದು ಒಣಗಿ ಸುಣ್ಣದ ಚಕ್ಕೆಯ ಹಾಗೆ ಆಗಿರುತ್ತದೆ. ಚಿಪ್ಪಿನ ಹಿಂದಿರುವ ಸ್ಪ್ರಿಂಗ್ ಸ್ಕ್ರೂ ನಾಲ್ಕನ್ನೂ ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹೀಟ್‌ಸಿಂಕ್ ಒಮ್ಮೆಗೇ ಎಳೆಯಬೇಡಿ, ಫ್ಯಾನ್ ವೈರ್ ಒಳಗೆ ಸಿಕ್ಕಿಕೊಂಡಿರುತ್ತದೆ. ಹಳೇ ಪೇಸ್ಟನ್ನು ಮೊಬೈಲ್ ರಿಪೇರಿಯವರು ಬಳಸುವ ಅದೇ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಪ್ರೊಸೆಸರ್ ಮೇಲಿರುವಂಥ ಲೋಹದ ಮುಚ್ಚಳ ಈ ಚಿಪ್ಪಿಗೆ ಇರುವುದಿಲ್ಲ. ಹಾಗಾಗಿ ನಡುವೆ ಒಂದು ಹನಿ ಬಿಟ್ಟು ಸುಮ್ಮನಾಗಬೇಡಿ. ಮೂಲೆ ಮೂಲೆಗೂ ತೆಳುವಾಗಿ ಹರಡಿ. ಮೆಮೊರಿ ಚಿಪ್‌ಗಳ ಮೇಲಿನ ಮೆತ್ತನೆ ಪ್ಯಾಡ್‌ಗಳು ಇದ್ದಲ್ಲೇ ಇರಲಿ. ಹರಿದಿದ್ದರೆ ಅಷ್ಟೇ ದಪ್ಪದ್ದನ್ನು ಹಾಕಬೇಕು. ದಪ್ಪ ಜಾಸ್ತಿಯಾದರೆ ಹೀಟ್‌ಸಿಂಕ್ ಚಿಪ್ಪಿಗೆ ಸರಿಯಾಗಿ ಕೂರುವುದಿಲ್ಲ. ಕಾರ್ಡ್ ಇನ್ನೂ ವಾರಂಟಿಯಲ್ಲಿದ್ದರೆ ಸ್ಕ್ರೂ ಮೇಲಿನ ಸ್ಟಿಕ್ಕರ್ ನೋಡಿಕೊಂಡು ಕೈ ಹಾಕಿ.

ಎಲ್ಲಾ ಕೂಡಿಸಿದ ಮೇಲೆ ಮತ್ತೆ ಬೆಂಚ್‌ಮಾರ್ಕ್ ಓಡಿಸಿ. ಪಾಸ್ಕಲ್ ಪೀಳಿಗೆಯ ಕಾರ್ಡ್‌ಗಳು, ಅಂದರೆ ಜಿಟಿಎಕ್ಸ್ 10 ಸರಣಿ, ಬಿಸಿ ಏರಿದ ಹಾಗೆಲ್ಲ ಸುಮಾರು 13 ಮೆಗಾಹರ್ಟ್ಜ್‌ನ ಮೆಟ್ಟಿಲುಗಳಲ್ಲಿ ವೇಗ ಇಳಿಸುತ್ತಾ ಹೋಗುತ್ತವೆ. 83 ಡಿಗ್ರಿ ಬರುವ ತನಕ ಕಾಯುವುದಿಲ್ಲ, ಅದಕ್ಕೂ ಬಹಳ ಮೊದಲೇ ಶುರು ಮಾಡುತ್ತವೆ. ಹಾಗಾಗಿ ಕಾರ್ಡ್ ತಣ್ಣಗಾದಷ್ಟೂ ಯಾವ ಸ್ಲೈಡರ್ ಮುಟ್ಟದೆಯೇ ವೇಗ ಸಿಗುತ್ತದೆ.

ಕರೆಂಟಿನ ಲೆಕ್ಕ

ಅಸೆಂಬಲ್ ಮಾಡಿಸಿದ ಸಿಸ್ಟಮ್‌ಗಳಲ್ಲಿ ಎಸ್‌ಎಂಪಿಎಸ್ (ಸಿಸ್ಟಮ್‌ಗೆ ಕರೆಂಟು ಕೊಡುವ ಡಬ್ಬಿ) ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರುವುದಿಲ್ಲ. ದೊಡ್ಡದಾಗಿ 450 ಅಂತ ಬರೆದಿದೆ ಅಂತ ನಂಬಬೇಡಿ. ಪಕ್ಕದ ಸ್ಟಿಕ್ಕರ್‌ನಲ್ಲಿ 12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಅಂತ ನೋಡಿ. ಉದಾಹರಣೆಗೆ ಅಲ್ಲಿ 18 ಅಂತ ಇದ್ದರೆ, 12ರಿಂದ ಗುಣಿಸಿ: 216 ವ್ಯಾಟ್. ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡ್‌ಗೂ ನಿಜವಾಗಿ ಸಿಗುವುದು ಅಷ್ಟೇ. ಜಿಟಿಎಕ್ಸ್ 1060ಗೆ 120 ವ್ಯಾಟ್, ಸಾಧಾರಣ ಪ್ರೊಸೆಸರ್‌ಗೆ 65, ಫ್ಯಾನ್, ಡಿಸ್ಕ್, ಬೋರ್ಡ್ ಸೇರಿದರೆ ಅಲ್ಲಿಗೇ ತುಂಬಿ ಹೋಯಿತು. ಆ ಎಸ್‌ಎಂಪಿಎಸ್ ಮೇಲೆ ಓವರ್‌ಕ್ಲಾಕ್ ಮಾಡಬೇಡಿ. ಇದೊಂದು ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಕೆಟ್ಟ ಎಸ್‌ಎಂಪಿಎಸ್ ಸುಟ್ಟರೆ ಕಾರ್ಡ್, ಬೋರ್ಡ್ ಎರಡನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು.

ಮದರ್‌ಬೋರ್ಡ್ ಸ್ಲಾಟ್‌ನಿಂದ ಕಾರ್ಡ್‌ಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. 6 ಪಿನ್ ಕೇಬಲ್‌ನಿಂದ ಇನ್ನೊಂದು 75, 8 ಪಿನ್ ಇದ್ದರೆ 150. ಜಿಟಿಎಕ್ಸ್ 1050 ಟಿಐ ಕಾರ್ಡ್‌ಗಳಲ್ಲಿ ಹಲವಕ್ಕೆ ಕೇಬಲ್ಲೇ ಇಲ್ಲ. ಅದಕ್ಕೆ ಅವುಗಳ ಪವರ್ ಸ್ಲೈಡರ್ 100 ದಾಟುವುದೇ ಇಲ್ಲ. ಅಂಥವರಿಗೆ ಕೋರ್ ಏರಿಸಿ ಸಿಗುವುದು ಕಮ್ಮಿ. ಮೆಮೊರಿ ಏರಿಸಿ, ವೋಲ್ಟೇಜ್ ಇಳಿಸಿದರೆ ಜಾಸ್ತಿ ಸಿಗುತ್ತದೆ.

ಬೆಸ್ಕಾಂ ಲೈನ್ ಹೋಗಿ ಬರುವ ಹೊತ್ತಿನಲ್ಲಿ ಪರೀಕ್ಷೆ ಇಟ್ಟುಕೊಳ್ಳಬೇಡಿ. ಗೇಮ್ ನಿಂತದ್ದು ಕಾರ್ಡ್‌ನಿಂದಲೋ ಕರೆಂಟಿನಿಂದಲೋ ಗೊತ್ತಾಗುವುದಿಲ್ಲ. 600 ವಿಎ ಯುಪಿಎಸ್ ಅಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360ರ ಆಸುಪಾಸು. ಗೇಮ್ ನಡುವೆ ಲೈನ್ ಹೋದಾಗ ಅದು ಕೀ ಅಂತ ಕೂಗಿ ಸಿಸ್ಟಮ್ ಆಫ್ ಆದರೆ, ಅದರ ಶಕ್ತಿ ಮೀರಿರಬಹುದು ಅಥವಾ ಬ್ಯಾಟರಿ ಮುಗಿದಿರಬಹುದು.

ಫ್ಯಾನ್ ಮತ್ತು ಪವರ್ ಮಿತಿ

ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ ಸ್ಲೈಡರನ್ನು ಪೂರ್ತಿ ಬಲಕ್ಕೆ ಎಳೆಯಿರಿ. ಎಸ್‌ಎಂಪಿಎಸ್ ಒಳ್ಳೆಯದಿದ್ದರೆ ಇದರಿಂದ ಅಪಾಯ ಇಲ್ಲ, ಕಾರ್ಡ್ ತಯಾರಿಸಿದವರು ಇಟ್ಟ ಮಿತಿಯೊಳಗೇ ಇರುತ್ತದೆ. ಟೆಂಪ್ ಲಿಮಿಟ್ (ಬಿಸಿಯ ಮಿತಿ) ಅನ್ನು 83ರಲ್ಲೇ ಬಿಡಿ. ಅದನ್ನು ಏರಿಸಿ ವೇಗ ಪಡೆಯುವ ಬದಲು ಫ್ಯಾನ್ ಏರಿಸುವುದು ಮೇಲು. ಕೋರ್ ವೋಲ್ಟೇಜ್ ಸ್ಲೈಡರ್ ಮುಟ್ಟಲೇಬೇಡಿ. ಪಾಸ್ಕಲ್‌ನಲ್ಲಿ ಅದರಿಂದ ಸಿಗುವ ವೇಗ ಚೂರು, ಬಿಸಿ ಮಾತ್ರ ನಿಜ.

ಫ್ಯಾನ್ ವೇಗಕ್ಕೆ ಸ್ವಂತ ಗೆರೆ, ಅಂದರೆ ಎಷ್ಟು ಬಿಸಿಗೆ ಎಷ್ಟು ವೇಗ ಅನ್ನುವುದನ್ನು, ಹಾಕಿಕೊಳ್ಳಿ. 50 ಡಿಗ್ರಿಗೆ ಶೇ. 45, 65ಕ್ಕೆ 65, 75ಕ್ಕೆ 85 ಇಟ್ಟು ನೋಡಿ. ಸದ್ದು ಆಗುತ್ತದೆ. ಹೆಡ್‌ಫೋನ್ ಹಾಕಿ ಆಡುವವರಿಗೆ ಅದೇನು ದೊಡ್ಡದಲ್ಲ, ಅಲ್ವಾ? ಕ್ಯಾಬಿನೆಟ್ ಗೋಡೆಗೆ ಅಂಟಿಕೊಂಡಿದ್ದರೆ ಒಂದು ಗೇಣು ಮುಂದೆ ತನ್ನಿ. ಮೇಜಿನ ಕೆಳಗಿನ ಗೂಡಿನಲ್ಲಿದ್ದರೆ ಹೊರಗೆ ತನ್ನಿ. ಚಿತ್ರದುರ್ಗದ ಕಡೆಯವರಿಗೆ ಗಾಳಿ ಚೆನ್ನಾಗಿರುತ್ತದೆ, ಜೊತೆಗೆ ಮಣ್ಣಿನ ಧೂಳೂ ಬರುತ್ತದೆ. ಕಿಟಕಿ ಪಕ್ಕ ಇಡುವವರು ಮುಂದಿನ ಫ್ಯಾನ್‌ಗೆ ತೆಳು ಜಾಲರಿ ಕಟ್ಟಿ, ತಿಂಗಳಿಗೊಮ್ಮೆ ತೊಳೆಯಿರಿ.

ಕೋರ್ ಏರಿಸುವುದು

ಕೋರ್ ಕ್ಲಾಕ್ +50 ಮೆಗಾಹರ್ಟ್ಜ್ ಹಾಕಿ ಅಪ್ಲೈ ಮಾಡಿ. ಬೆಂಚ್‌ಮಾರ್ಕ್ ಓಡಿಸಿ. ಸರಿ ಇದ್ದರೆ 20, 25ರಂತೆ ಏರಿಸುತ್ತಾ ಹೋಗಿ. ಜಿಟಿಎಕ್ಸ್ 1060 ಕಾರ್ಡ್‌ಗಳು ಹೆಚ್ಚಾಗಿ +100ರಿಂದ +200ರ ನಡುವೆ ನಿಲ್ಲುತ್ತವೆ. ಆಗ ನಿಜವಾದ ವೇಗ 2000 ಮೆಗಾಹರ್ಟ್ಜ್ ಆಸುಪಾಸು ಬರುತ್ತದೆ. ಗೆಳೆಯನ ಕಾರ್ಡ್ +180 ತಡೆಯಿತು ಅಂತ ನಿಮ್ಮದೂ ತಡೆಯಬೇಕಿಲ್ಲ. ಒಂದೇ ಮಾಡೆಲ್‌ನ ಎರಡು ಚಿಪ್ಪುಗಳೂ ಒಂದೇ ಥರ ಇರುವುದಿಲ್ಲ.

ಮಿತಿ ಮೀರಿದಾಗ ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಗೇಮ್ ಮುಚ್ಚಿ ಹೋಗುತ್ತದೆ. ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ತಾನೇ ಮತ್ತೆ ಎಬ್ಬಿಸುತ್ತದೆ. ಹೆದರಬೇಡಿ, ಏನೂ ಸುಟ್ಟಿಲ್ಲ. ಆದರೆ ಹಾಗಾದ ಮೇಲೆ ಸಿಸ್ಟಮ್ ರೀಸ್ಟಾರ್ಟ್ ಮಾಡಿಯೇ ಮುಂದುವರಿಯಿರಿ. ಇಲ್ಲದಿದ್ದರೆ ಕಾರ್ಡ್ ಕಮ್ಮಿ ವೇಗದಲ್ಲೇ ಉಳಿದು ಮುಂದಿನ ಸ್ಕೋರೆಲ್ಲ ತಪ್ಪು ಬರಬಹುದು. ಈ ಸೆಟ್ಟಿಂಗ್ ಕಾರ್ಡ್‌ನೊಳಗೆ ಉಳಿಯುವುದಿಲ್ಲ. ವಿಂಡೋಸ್ ಜೊತೆ ಶುರು ಮಾಡುವ ಗುರುತು ಹಾಕದೇ ಇದ್ದರೆ ರೀಸ್ಟಾರ್ಟ್ ಆದ ಕೂಡಲೇ ಎಲ್ಲಾ ಮೊದಲಿನ ಹಾಗೆ. ಅದಕ್ಕೇ ಆ ಗುರುತನ್ನು ಕೊನೆಯ ಪರೀಕ್ಷೆ ಮುಗಿಯುವ ತನಕ ಹಾಕಬೇಡಿ. ಹಾಕಿ ಸಿಕ್ಕಿಕೊಂಡವರು ಸೇಫ್ ಮೋಡ್‌ನಲ್ಲಿ ಹೋಗಿ ಆಫ್ಟರ್‌ಬರ್ನರ್ ತೆಗೆದರೆ ಸರಿಹೋಗುತ್ತದೆ.

ಮಿತಿ ಸಿಕ್ಕಿತು ಅಂದಾಗ ಅಲ್ಲಿಂದ 25 ಕೆಳಗೆ ಬನ್ನಿ.

ಮೆಮೊರಿ: ಇಲ್ಲಿ ನಿಧಾನ ಮಾಡಿ

ಜಿಟಿಎಕ್ಸ್ 1060ರಂಥ ಕಾರ್ಡ್‌ಗಳಿಗೆ ಮೆಮೊರಿ ಏರಿಸಿದರೆ ಚೆನ್ನಾಗಿ ಲಾಭ ಆಗುತ್ತದೆ. ಇದರ ಮೆಮೊರಿ ಸೆಕೆಂಡಿಗೆ 192 ಗಿಗಾಬೈಟ್ ಸಾಗಿಸುತ್ತದೆ. ಆಫ್ಟರ್‌ಬರ್ನರ್‌ನಲ್ಲಿ ಮೆಮೊರಿಯ ವೇಗ 4004 ಮೆಗಾಹರ್ಟ್ಜ್ ಅಂತ ಕಾಣುತ್ತದೆ. +400 ಹಾಕಿದರೆ 4404, ಅಂದರೆ ಸುಮಾರು 211 ಗಿಗಾಬೈಟ್. ಕೋರ್ ಸೆಟ್ಟಿಂಗನ್ನು ಶೂನ್ಯಕ್ಕೆ ತಂದು, ಮೆಮೊರಿಯನ್ನು ಮಾತ್ರ 100ರಂತೆ ಏರಿಸಿ. +300 ದಾಟಿದ ಮೇಲೆ 50ರಂತೆ.

ಇಲ್ಲೊಂದು ಸೂಕ್ಷ್ಮ ಇದೆ. ಕೋರ್ ಮಿತಿ ಮೀರಿದರೆ ಗೇಮ್ ಬೀಳುತ್ತದೆ, ಗೊತ್ತಾಗುತ್ತದೆ. ಮೆಮೊರಿ ಹಾಗಲ್ಲ. ಈ ಕಾರ್ಡ್‌ನಲ್ಲಿರುವ ಜಿಡಿಡಿಆರ್5 ಮೆಮೊರಿಯಲ್ಲಿ ಸಾಗಣೆಯ ತಪ್ಪನ್ನು ಹಿಡಿಯುವ ವ್ಯವಸ್ಥೆ ಇದೆ. ತಪ್ಪು ಕಂಡರೆ ಅದೇ ಮಾಹಿತಿಯನ್ನು ಮತ್ತೆ ಕಳಿಸಬಹುದು. ಹಾಗಾಗಿ ಪರದೆ ಮೇಲೆ ಏನೂ ಕಾಣದೆ, ಏನೂ ಬೀಳದೆ, ವೇಗ ಮಾತ್ರ ಇಳಿಯುತ್ತಿರಬಹುದು. +400ಕ್ಕೆ ಸ್ಕೋರ್ ಏರಿತು, +450ಕ್ಕೆ ಅಲ್ಲೇ ನಿಂತಿತು, +500ಕ್ಕೆ ಇಳಿಯಿತು ಅಂದರೆ ಮುಗಿಯಿತು, ನಿಮ್ಮ ಜಾಗ +400. ಪ್ರತಿ ಹೆಜ್ಜೆಗೂ ಸ್ಕೋರ್ ಬರೆಯಿರಿ ಅಂದದ್ದು ಇದಕ್ಕೇ. ಸ್ಲೈಡರ್ ಎಷ್ಟು ದೂರ ಹೋಯಿತು ಅಂತ ಖುಷಿ ಪಡುವವರು ಎಷ್ಟೋ ಸಲ ಕಾರ್ಡನ್ನು ನಿಧಾನ ಮಾಡಿಕೊಂಡಿರುತ್ತಾರೆ. ಇನ್ನೂ ಮೀರಿದರೆ ಬಣ್ಣಬಣ್ಣದ ಚುಕ್ಕೆ, ಚೌಕ, ಮಿನುಗು ಕಾಣುತ್ತದೆ. ಕಂಡ ತಕ್ಷಣ ಕೆಳಗಿಳಿಸಿ.

ಎಎಂಡಿ ಆರ್‌ಎಕ್ಸ್ 570, 580 ಇದ್ದವರು ಎಎಂಡಿಯ ಅಡ್ರಿನಲಿನ್ ಸಾಫ್ಟ್‌ವೇರ್‌ನ ಟ್ಯೂನಿಂಗ್ ಭಾಗದಲ್ಲಿ ಮ್ಯಾನುವಲ್ ಆರಿಸಿ ಇದೇ ಕೆಲಸ ಮಾಡಬಹುದು. ಆದರೆ ಮೊದಲು ಜಿಪಿಯು-ಝಡ್ (ಕಾರ್ಡ್‌ನ ವಿವರ ತೋರಿಸುವ ಸಾಫ್ಟ್‌ವೇರ್) ಹಾಕಿ ಕಾರ್ಡ್‌ನ ಪೂರ್ವಾಪರ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಮ್ ಗಣಿಗಾರಿಕೆ (ಕಾರ್ಡ್‌ಗಳಿಂದ ಲೆಕ್ಕ ಮಾಡಿಸಿ ಆ ಹೆಸರಿನ ಡಿಜಿಟಲ್ ಹಣ ಗಳಿಸುವುದು) ನಿಂತಾಗ ಆ ಕೆಲಸಕ್ಕೆ ದುಡಿದ ಕಾರ್ಡ್‌ಗಳು ರಾಶಿ ರಾಶಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಕೆಲವಕ್ಕೆ ಬಯಾಸ್ (ಕಾರ್ಡ್‌ನೊಳಗೇ ಇರುವ ಮೂಲ ಸಾಫ್ಟ್‌ವೇರ್) ಬದಲಿಸಿ, ಮೆಮೊರಿಯನ್ನು ಆಗಲೇ ಬಿಗಿ ಮಾಡಿಟ್ಟಿರುತ್ತಾರೆ. ಅಂಥದ್ದರ ಮೇಲೆ ಇನ್ನೂ ಏರಿಸಿದರೆ ಚುಕ್ಕೆ ಬರುವುದು ಖಂಡಿತ. 580 ಅಂತ ಮಾರಿದ ಕಾರ್ಡ್‌ನಲ್ಲಿ ಶೇಡರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಚಿಕ್ಕ ಘಟಕ) ಸಂಖ್ಯೆ 2304 ಬದಲು 2048 ಕಂಡರೆ, ಅದು ಶೇಡರ್ ಲೆಕ್ಕದಲ್ಲಿ 570ಕ್ಕೆ ಸಮ. ಕೊಳ್ಳುವಾಗಲೇ ಇದನ್ನು ನೋಡಿದರೆ ಬೆಲೆ ಇಳಿಸಲು ಕೇಳಬಹುದು.

ನಿಜವಾದ ಪರೀಕ್ಷೆ ಮಧ್ಯಾಹ್ನಕ್ಕೆ

ಈಗ ಕೋರ್, ಮೆಮೊರಿ ಎರಡನ್ನೂ ಒಟ್ಟಿಗೆ ಹಾಕಿ. ಬೇರೆ ಬೇರೆಯಾಗಿ ನಿಂತದ್ದು ಒಟ್ಟಿಗೆ ನಿಲ್ಲದೇ ಇರಬಹುದು, ಆಗ ಕೋರ್‌ನಿಂದ 15, 20 ಕಳೆಯಿರಿ. ಆಮೇಲೆ ಗೇಮ್. ಬೆಂಚ್‌ಮಾರ್ಕ್ ಪಾಸಾಗಿ ಗೇಮ್‌ನಲ್ಲಿ ಬೀಳುವುದು ಮಾಮೂಲು. ಎರಡು ಮೂರು ಬೇರೆ ಗೇಮ್‌ಗಳನ್ನು ಒಂದೊಂದು ಗಂಟೆ ಆಡಿ.

ಫ್ಯಾನ್ ವೇಗ ಅಷ್ಟೇ ಇದ್ದರೆ ಕೋಣೆ ಎಷ್ಟು ಡಿಗ್ರಿ ಏರುತ್ತದೋ ಕಾರ್ಡ್ ಕೂಡ ಹೆಚ್ಚು ಕಡಿಮೆ ಅಷ್ಟೇ ಏರುತ್ತದೆ. ಡಿಸೆಂಬರ್ ರಾತ್ರಿ ಕೋಣೆ 20 ಇದ್ದಾಗ ಕಾರ್ಡ್ 68ರಲ್ಲಿ ಹಾಯಾಗಿರುತ್ತದೆ. ಏಪ್ರಿಲ್‌ನಲ್ಲಿ ಕೋಣೆ 35 ಆದರೆ ಅದೇ ಕಾರ್ಡ್ 83ಕ್ಕೆ ಬಂದು ನಿಲ್ಲುತ್ತದೆ, ವೇಗ ಕಡಿತ ಇನ್ನೂ ಜೋರಾಗುತ್ತದೆ. ಬಿಸಿಯಾದ ಚಿಪ್ಪು ಅದೇ ವೇಗವನ್ನು ತಡೆಯುವುದೂ ಕಷ್ಟ. ಚಳಿಗಾಲದ ರಾತ್ರಿ ಗಟ್ಟಿಯಾಗಿದ್ದ ಸೆಟ್ಟಿಂಗ್ ಯುಗಾದಿ ಹೊತ್ತಿಗೆ ಬೀಳುವುದು ಇದಕ್ಕೇ. ಕೊನೆಯ ಪರೀಕ್ಷೆಯನ್ನು ಮಧ್ಯಾಹ್ನ 2ರಿಂದ 4ರೊಳಗೆ, ಕೋಣೆ ಅತಿ ಬಿಸಿ ಇದ್ದಾಗ ಮಾಡಿ. ಅಲ್ಲಿ ನಿಂತರೆ ಎಲ್ಲಿ ಬೇಕಾದರೂ ನಿಲ್ಲುತ್ತದೆ.

ಆಫ್ಟರ್‌ಬರ್ನರ್‌ನಲ್ಲಿ ಪ್ರೊಫೈಲ್ ಉಳಿಸುವ ಅಂಕಿಗಳಿವೆ. 1ರಲ್ಲಿ ಬೇಸಿಗೆಯದ್ದು, 2ರಲ್ಲಿ ಮಳೆಗಾಲ, ಚಳಿಗಾಲದ್ದು ಉಳಿಸಿ.

ಬೇಸಿಗೆಗೆ ನನ್ನ ಆಯ್ಕೆ: ವೋಲ್ಟೇಜ್ ಇಳಿಸುವುದು

ಬೇಸಿಗೆ ಪ್ರೊಫೈಲ್‌ಗೆ ನಾನು ಕೋರ್ ಏರಿಸುವುದಿಲ್ಲ, ವೋಲ್ಟೇಜ್ ಇಳಿಸುತ್ತೇನೆ. ಕಂಪನಿಯವರು ಎಲ್ಲಾ ಚಿಪ್ಪುಗಳೂ ಓಡಲಿ ಅಂತ ಸ್ವಲ್ಪ ಜಾಸ್ತಿಯೇ ವೋಲ್ಟೇಜ್ ಇಟ್ಟಿರುತ್ತಾರೆ. ಅದನ್ನು ಕಳೆದರೆ ಬಿಸಿಯೂ ಇಳಿಯುತ್ತದೆ, ಫ್ಯಾನ್ ಸದ್ದೂ ಇಳಿಯುತ್ತದೆ, ವೇಗ ಒಂದೇ ಸಮ ನಿಲ್ಲುತ್ತದೆ.

ಆಫ್ಟರ್‌ಬರ್ನರ್ ತೆರೆದು ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿ. ಒಂದು ಗೆರೆ ಬರುತ್ತದೆ, ಅಡ್ಡಕ್ಕೆ ವೋಲ್ಟೇಜ್, ಮೇಲಕ್ಕೆ ವೇಗ. ಮೊದಲು ಕೋರ್ ಕ್ಲಾಕ್ ಸ್ಲೈಡರನ್ನು -200ಕ್ಕೆ ತಂದು ಇಡೀ ಗೆರೆ ಕೆಳಗಿಳಿಸಿ. ಆಮೇಲೆ 900 ಮಿಲಿವೋಲ್ಟ್ ಜಾಗದ ಚುಕ್ಕೆಯೊಂದನ್ನೇ ಹಿಡಿದು 1800 ಮೆಗಾಹರ್ಟ್ಜ್‌ಗೆ ಎತ್ತಿ, ಅಪ್ಲೈ ಒತ್ತಿ. ಅದರ ಬಲಕ್ಕಿರುವ ಗೆರೆ ತಾನಾಗಿ ಚಪ್ಪಟೆಯಾಗುತ್ತದೆ. ಅಂದರೆ ಕಾರ್ಡ್ 900 ಮಿಲಿವೋಲ್ಟ್ ದಾಟುವುದಿಲ್ಲ. ಗೇಮ್ ಬಿದ್ದರೆ 1800 ಬದಲು 1770 ಇಡಿ, ಬೀಳದೆ ಓಡಿದರೆ 1830 ನೋಡಿ. ಮೆಮೊರಿಯ +400 ಹಾಗೇ ಇರಲಿ. ಕೋಣೆ ಬಿಸಿಗೆ 1700ಕ್ಕೆ ಇಳಿದು ಏರಿ ಮಾಡುವ ಕಾರ್ಡ್‌ಗಿಂತ 1800ರಲ್ಲಿ ಕದಲದೆ ಓಡುವ ಕಾರ್ಡ್‌ನಲ್ಲಿ ಗೇಮ್ ನಯವಾಗಿರುತ್ತದೆ.

ಇಷ್ಟಾದರೂ 60 ಎಫ್‌ಪಿಎಸ್ ಮುಟ್ಟದಿದ್ದರೆ ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಎಎಂಡಿಯ ಎಫ್‌ಎಸ್‌ಆರ್ (ಚಿತ್ರವನ್ನು ಚಿಕ್ಕದಾಗಿ ಮೂಡಿಸಿ ಪರದೆಗೆ ತಕ್ಕಷ್ಟು ಹಿಗ್ಗಿಸುವ ಸೌಲಭ್ಯ) ಇದೆಯಾ ನೋಡಿ. 2021ರಲ್ಲಿ ಬಂದ ಇದು ಎನ್‌ವಿಡಿಯಾದ ಹಳೇ ಕಾರ್ಡ್‌ಗಳಲ್ಲೂ ನಡೆಯುತ್ತದೆ. ನೆರಳಿನ ಗುಣಮಟ್ಟವನ್ನು ಅಲ್ಟ್ರಾದಿಂದ ಮೀಡಿಯಮ್‌ಗೆ ಇಳಿಸಿ. ಆಟದಲ್ಲಿ ಮುಳುಗಿದಾಗ ಕಣ್ಣಿಗೆ ಅದರ ವ್ಯತ್ಯಾಸ ಗೊತ್ತಾಗುವುದು ಕಮ್ಮಿ, ಎಫ್‌ಪಿಎಸ್ ಮಾತ್ರ ಚೆನ್ನಾಗಿ ಏರುತ್ತದೆ.

ಜಿಟಿಎಕ್ಸ್ 9 ಮತ್ತು 10 ಸರಣಿಗೆ ಗೇಮ್ ರೆಡಿ ಡ್ರೈವರ್ (ಹೊಸ ಗೇಮ್‌ಗಳಿಗೆ ಹೊಂದಿಸಿದ ಡ್ರೈವರ್) ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. ಮೂರು ತಿಂಗಳಿಗೊಮ್ಮೆಯ ಭದ್ರತಾ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರ್ ತನಕ ಬರುತ್ತದೆ. ಹಾಗಾಗಿ ನಿಮಗೆ ಸಿಕ್ಕ ಅಂಕಿಗಳನ್ನು ಪದೇ ಪದೇ ಹುಡುಕಬೇಕಿಲ್ಲ. ಅಪ್‌ಡೇಟ್ ಹಾಕಿದ ದಿನ ಸೂಪರ್‌ಪೊಸಿಷನ್ ಒಮ್ಮೆ ಓಡಿಸಿ, ನೋಟ್‌ಬುಕ್ಕಿನ ಸ್ಕೋರ್ ಜೊತೆ ತಾಳೆ ನೋಡಿ. ಸ್ಕೋರ್ ಇಳಿದು ಬಿಸಿ ಏರಿದ್ದರೆ ಸ್ಲೈಡರ್ ಕಡೆ ಹೋಗಬೇಡಿ, ಬ್ರಷ್ ತೆಗೆದುಕೊಳ್ಳಿ.